ಹೆರ್ಮನ್ ಮೋಗ್ಲಿಂಗ್ ಅಯ್ಯನವರ ಚರಿತ್ರೆಯೂ ಅರಿವುಳ್ಳ ಪ್ರಜೆಯ ಕರ್ತವ್ಯವೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಗಳಲ್ಲಿ ಚದರಿರುವ ನಮ್ಮ ಸಭೆಗಳವರು ಮೋಗ್ಲಿಂಗ್ ಅಯ್ಯನವರ ಹೆಸರನ್ನು ಕೇಳದವರಲ್ಲ. ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆಯನ್ನು ಹೊರಡಿಸಿದವರು ಅವರೇ ಎಂಬುದನ್ನು ಮಕ್ಕಳೂ ಬಲ್ಲರು. ಆದರೆ ಸುವಾರ್ತೆ ಸಾರುವದಕ್ಕೆ ಬಂದ ಬೋಧಕರು ಸರಕಾರದ ನಿರೂಪಗಳನ್ನೂ ದೇಶದ ಸುದ್ದಿಯನ್ನೂ ಅಚ್ಚುಹಾಕಿಸುವದಕ್ಕೆ ಯಾಕೆ ಕೈಹಚ್ಚಿದರೆಂಬುದನ್ನು ನಾವು ಸಾಕಷ್ಟು ಆಲೋಚಿಸಿದ್ದಿಲ್ಲ. ರಾಜ್ಯದ ಕಾರ್ಯ ಲೋಕದ್ದು, ವಿಶ್ವಾಸಿಗೆ ಅದು ಬೇಡವೆಂದು ಹೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಆದಕಾರಣ ಈ ಚರಿತ್ರೆಯನ್ನು ಬರೆಯುತ್ತೇವೆ.

ಅಯ್ಯನವರು 1811ನೇ ಇಸವಿಯಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಲ್ಲಿ ಹುಟ್ಟಿ, ಟ್ಯೂಬಿಂಗೆನ್ ವಿದ್ಯಾಪೀಠದಲ್ಲಿ ದೇವಶಾಸ್ತ್ರವನ್ನು ಕಲಿತರು. ಬಾಸೆಲ್ ಮಿಶನಿನ ಮೊದಲನೆಯ ಮೂವರು ಬೋಧಕರು 1834ರಲ್ಲಿ ಮಂಗಳೂರನ್ನು ಮುಟ್ಟಿದ್ದರು. ಇವರು 1836ರಲ್ಲಿ ಹಿಂದುಸ್ಥಾನಕ್ಕೆ ಬಂದು ಅವರನ್ನು ಕೂಡಿಕೊಂಡರು.

ಮರು ವರುಷವೇ ಈ ಸೀಮೆಯಲ್ಲಿ ದೊಡ್ಡ ಗಲಭೆಯಾಯಿತು. 1834ರಲ್ಲಿ ಕಂಪೆನಿಯವರು ಕೊಡಗನ್ನು ವಶಮಾಡಿಕೊಂಡು, ಅದಕ್ಕೆ ಸೇರಿದ್ದ ಸುಳ್ಯ ಪುತ್ತೂರಿನ ಕಡೆಯ ಮಾಗಣೆಗಳನ್ನು ಕನ್ನಡ ಜಿಲ್ಲೆಗೆ ಸೇರಿಸಿದ್ದರು. ಮುಂಚೆ ಧಾನ್ಯರೂಪವಾಗಿ ಕೊಡುತ್ತಿದ್ದ ತೀರ್ವೆಯನ್ನು ಹಣವಾಗಿ ಕೊಡಬೇಕೆಂದಾಗ ಒಕ್ಕಲಿಗರು ಬಹಳ ಕಷ್ಟಪಟ್ಟರು. 1837ರ ಏಪ್ರಿಲಿನಲ್ಲಿ ಅವರ ದಂಡು ಬಂಟ್ವಾಳದ ಮಾರ್ಗವಾಗಿ ಮಂಗಳೂರಿಗೆ ಬಂತು. ಕೊನೆಗೆ ಮುಂದಾಳುಗಳು ಗಲ್ಲಿಗೇರಿದರು. ಈ ಸಂಗತಿಯನ್ನು ಅಯ್ಯನವರು 1855ರಲ್ಲಿ ಅಚ್ಚಾದ ತಮ್ಮ ಕೊಡಗಿನ ಪುಸ್ತಕದಲ್ಲಿ ವಿವರಿಸಿದ್ದಾರೆ. ಆ ಒಕ್ಕಲಿಗರ ಕಷ್ಟ ಸುಳ್ಳಲ್ಲ. ಆದರೆ ಅದನ್ನು ತಕ್ಕ ಸ್ಥಳದಲ್ಲಿ ತಿಳಿಸುವ ದಾರಿಯೂ ಇಲ್ಲ, ದೊರೆಗಳನ್ನು ಆರಿಸುವ ಅಧಿಕಾರವೂ ಇಲ್ಲ; ಹೀಗಿರುವ ಜನರಿಗೆ ಮೌನ ಇಲ್ಲವೆ ಕತ್ತಿ ಎಂಬ ಎರಡೇ ದಾರಿಗಳು ಉಳಿಯುತ್ತವೆಂದು ನಾವು ಇದರಿಂದ ತಿಳುಕೊಳ್ಳಬಹುದು.

1843ನೇ ಇಸವಿ ಜುಲೈ 1ರಲ್ಲಿ ಅಯ್ಯನವರು ಮಂಗಳೂರ ಸಮಾಚಾರವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಹದಿನೈದು ದಿವಸಕ್ಕೊಂದಾವರ್ತಿ ಬರುವ ಆ ಸಣ್ಣ ಪತ್ರಿಕೆಯಲ್ಲಿ ಊರ ವರ್ತಮಾನ, ಸರಕಾರದ ನಿರೂಪಗಳು, ಅನ್ಯದೇಶಗಳ ಸುದ್ದಿ, ಕಥೆ ಇವುಗಳಿದ್ದವು. ಅದನ್ನು ಕ್ರೈಸ್ತರಿಗೆ ಮಾತ್ರವಲ್ಲ, ಎಲ್ಲಾ ಜಾತಿಯವರಿಗೂ ಮಾರಿದರು. ಅದು ವರೆಗೆ ಸರಕಾರದ ಅಪ್ಪಣೆಯನ್ನು ತಿಳಿಯಬೇಕಾದರೆ ಬಡವನು ಶಾನುಭೋಗನ ಬಾಯನ್ನು ನೋಡಬೇಕಾಗಿತ್ತು. ಇನ್ನು ಮುಂದೆ ಓದುಬಲ್ಲವನು ತಾನೇ ನೋಡಿ ನೆರೆಯವನಿಗೂ ಹೇಳಬಹುದಾಯಿತು. 1844ರಲ್ಲಿ ಪತ್ರಿಕೆಯು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವೆಂಬ ಹೆಸರಿನಿಂದ ನಡೆಯಿತು.

ಆ ವರುಷದ ಜನವರಿಯಲ್ಲಿಯೇ ಆನಂದರಾಯ ಕೌಂಡಿನ್ಯನೆಂಬ ಬ್ರಾಹ್ಮಣ ಯೌವನಸ್ಥನು ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದನು. ಊರೆಲ್ಲಾ ಕಲಕಿತು. ಆ ಕಾಲದ ಪದ್ಧತಿಯ ಪ್ರಕಾರ ಜಾತಿಯಿಂದ ಹೊರಗಾದವನು ಮನೆಯನ್ನೂ ತಂದೆಯ ಆಸ್ತಿಯ ಪಾಲನ್ನೂ ಕಳಕೊಳ್ಳುವ ಭಯವಿತ್ತು. ಮನಸ್ಸಾಕ್ಷಿಯಂತೆ ನಡೆಯುವವನು ತಿರುಕನಾಗಬೇಕಾದರೆ ಆ ಸ್ವಾತಂತ್ರ್ಯವು ಹೆಸರಿಗೆ ಮಾತ್ರ. 1850ರ 21ನೇ ಕಾಯಿದೆಯು ಈ ಕಟ್ಟನ್ನು ಬಿಚ್ಚಿತು. ಮತವನ್ನು ಬಿಟ್ಟದ್ದರಿಂದಾಗಲಿ ಜಾತಿಭ್ರಷ್ಟನಾದದ್ದರಿಂದಾಗಲಿ ಯಾರೂ ಸ್ವತ್ತಿನ ಹಕ್ಕನ್ನು ಕಳಕೊಳ್ಳಬಾರದೆಂದು ವಿಧಿಸಿತು. ಆದರೂ 1853ರಲ್ಲಿ ಅಳಮಂಡ ಮನೆತನದ ಸೋಮಯ್ಯನು ಕ್ರೈಸ್ತನಾದಾಗ ಕುಟುಂಬದವರ ವಿರೋಧವನ್ನು ಎದುರಿಸಬೇಕಾಯಿತು. ಅಯ್ಯನವರು ಅವನ ಜೊತೆಯಲ್ಲಿ ಕೊಡಗಿಗೆ ಹೋಗಿ ನಿಂತರು. ಕಾಯಿದೆಯು ಕಾಗದದಲ್ಲಿ ಇದ್ದರೆ ಸಾಲದು. ಅದನ್ನು ಬಲ್ಲವನೊಬ್ಬನು ಬಡವನ ಪಕ್ಕದಲ್ಲಿ ನಿಲ್ಲಬೇಕು.

ಅಯ್ಯನವರು ಅನ್ಯರ ಮತಗಳ ವಿಷಯದಲ್ಲಿ ಕೆಲವು ಸಾರಿ ಕಠಿನವಾಗಿ ಬರೆದದ್ದುಂಟು. ಅದನ್ನು ನಾವು ಮುಚ್ಚುವದಿಲ್ಲ. ಆದರೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವುಗಳನ್ನು ಸಂಗ್ರಹಿಸಿ ಅಚ್ಚುಮಾಡಿಸಿದವರೂ ಅವರೇ. ಇದಕ್ಕಾಗಿ 1858ರಲ್ಲಿ ಟ್ಯೂಬಿಂಗೆನ್ ವಿದ್ಯಾಪೀಠವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು. ನೆರೆಯವನ ಪುಸ್ತಕವನ್ನು ಓದಿದವನೇ ನೆರೆಯವನ ಹಕ್ಕನ್ನೂ ಗೌರವಿಸಬಲ್ಲನು. ಅವರು 1860ರಲ್ಲಿ ಸ್ವದೇಶಕ್ಕೆ ತೆರಳಿ, 1881ರಲ್ಲಿ ಎಸ್ಲಿಂಗೆನಿನಲ್ಲಿ ಕರ್ತನಲ್ಲಿ ನಿದ್ರೆಹೋದರು.

ಪ್ರಿಯ ವಾಚಕರೇ, ಇದು ನಮಗೆ ಹೇಗೆ ಸಂಬಂಧಿಸುತ್ತದೆ? 1974ರಲ್ಲಿ ಉಳುವವನೇ ಹೊಲದೊಡೆಯನಾಗುವ ಕಾಯಿದೆ ಬಂದದ್ದನ್ನು ನಮ್ಮ ಹಿರಿಯರು ಬಲ್ಲರು. ಗೊತ್ತಾದ ಅವಧಿಯೊಳಗೆ 7ನೇ ನಮೂನೆಯ ಅರ್ಜಿಯನ್ನು ಭೂನ್ಯಾಯಮಂಡಳಿಗೆ ಕೊಟ್ಟ ಚಾಲಗೇಣಿಯ ಒಕ್ಕಲಿಗೆ ಗದ್ದೆ ತನ್ನದಾಯಿತು. ತಿಳಿಯದೆ ಇದ್ದವನೂ ಧಣಿಗೆ ಅಂಜಿ ಸುಮ್ಮನಿದ್ದವನೂ ತಲೆಮಾರುಗಳಿಂದ ಉತ್ತ ಮಣ್ಣನ್ನು ಕಳಕೊಂಡನು. ಇಬ್ಬರಿಗೂ ಕಾಯಿದೆ ಒಂದೇ. ಭೇದವಾದದ್ದು ಅರಿವಿನಲ್ಲಿಯೂ ಧೈರ್ಯದಲ್ಲಿಯೂ.

ಅಯ್ಯನವರ ಕಾಲದ ಜನರಿಗೆ ಇಲ್ಲದ್ದು ನಮಗುಂಟು. 1950ನೇ ಇಸವಿ ಜನವರಿ 26ರಿಂದ ನಡೆಯುವ ಸಂವಿಧಾನದ 25ನೇ ವಿಧಿಯು ಪ್ರತಿಯೊಬ್ಬನಿಗೂ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನೂ, ತನ್ನ ಮತವನ್ನು ಒಪ್ಪಿ ಆಚರಿಸಿ ಪ್ರಚಾರಮಾಡುವ ಹಕ್ಕನ್ನೂ ಕೊಡುತ್ತದೆ. ಸಾರ್ವಜನಿಕ ಶಾಂತಿ, ಸದಾಚಾರ, ಆರೋಗ್ಯ ಇವುಗಳಿಗೆ ಅದು ಒಳಪಟ್ಟದ್ದು. ನಮಗೆ ಇದ್ದಷ್ಟೇ ಜೈನನಿಗೂ ಹಿಂದುವಿಗೂ ಮುಸಲ್ಮಾನನಿಗೂ ಉಂಟು. ಇದನ್ನು ಅರಿಯದವನು ತನ್ನ ಹಕ್ಕನ್ನು ಕೇಳಲಾರನು, ಇತರರ ಹಕ್ಕನ್ನು ತುಳಿದರೂ ತನ್ನ ತಪ್ಪನ್ನು ಕಾಣನು. ಅಪೊಸ್ತಲನಾದ ಪೌಲನು ಕರ್ತನಿಗೋಸ್ಕರ ಕಷ್ಟಪಡುವದಕ್ಕೆ ಹಿಂಜರಿಯಲಿಲ್ಲ. ಆದರೂ ಅನ್ಯಾಯವಾಗಿ ಕೊರಡೆಯಿಂದ ಹೊಡೆಯುವದಕ್ಕೆ ಕಟ್ಟಿದಾಗ ತಾನು ರೋಮಾಪುರದ ಪ್ರಜೆಯೆಂದು ತಿಳಿಸಿದನು. ಅದು ಅವಿಶ್ವಾಸವಾಗಿರಲಿಲ್ಲ.

ಆದದರಿಂದ ಗ್ರಾಮಸಭೆಯ ದಿವಸವನ್ನು ಆರಾಧನೆಯ ಪ್ರಕಟನೆಗಳ ಸಂಗಡ ಸಭೆಗೆ ತಿಳಿಸೋಣ. ಸ್ತ್ರೀಯರೂ ಕೂಲಿಯವರೂ ಅಲ್ಲಿಗೆ ಹೋಗಿ ಬಾಯಿ ತೆರೆಯಲಿ. ಹಕ್ಕುಪತ್ರ ಓದಲಾರದವನಿಗೆ ಓದಿಹೇಳೋಣ. ಅವನು ಯಾವ ಮತದವನೆಂದು ಕೇಳದೆ ಇರೋಣ. ಸಂಡೇ ಸ್ಕೂಲಿನ ಮಕ್ಕಳಿಗೆ ದೇವರ ಹತ್ತು ಆಜ್ಞೆಗಳೊಂದಿಗೆ ದೇಶದ ವಿಧಿಗಳನ್ನೂ ಕಲಿಸೋಣ. ಮತವನ್ನು ಹಣಕ್ಕೂ ಹೆಂಡಕ್ಕೂ ಮಾರದೆ ದೇವರ ಮುಂದೆ ಕೊಡುವವರಂತೆ ಕೊಡೋಣ. ನೂರೆಂಭತ್ತಕ್ಕಿಂತ ಹೆಚ್ಚು ವರುಷಗಳ ಹಿಂದೆ ಕಲ್ಲಚ್ಚಿನ ನಾಲ್ಕು ಪುಟಗಳಿಂದ ಅಯ್ಯನವರು ಆರಂಭಿಸಿದ ಕೆಲಸವನ್ನು ಮುಂದರಿಸುವ ಮನಸ್ಸನ್ನು ಕರ್ತನು ನಮ್ಮ ಸಭೆಗಳಿಗೆ ದಯಪಾಲಿಸಲಿ.