ಹೊರಗಿನಿಂದ ಬಂದ ಗವಾನ್, ಬೀದರ್‌ಗೆ ಬಿಟ್ಟುಹೋದದ್ದು

ಭಾಲ್ಕಿ, ಔರಾದ್ ಕಡೆಯಿಂದ ಕಾಲೇಜಿಗೋ ಪರೀಕ್ಷೆಯ ತರಬೇತಿಗೋ ಬೀದರ್‌ಗೆ ಬರುವ ನಾವೆಲ್ಲ ಹಳೆ ಊರಿನ ಮದರಸಾವನ್ನು ನೋಡಿರುತ್ತೇವೆ. ಅರ್ಧ ಕುಸಿದ ಮುಂಭಾಗ, ಉಳಿದಿರುವ ಒಂದೇ ಮಿನಾರು, ಅಲ್ಲಲ್ಲಿ ಬಣ್ಣದ ಹೆಂಚು. ಅದನ್ನು ಕಟ್ಟಿಸಿದ ಮಹಮೂದ್ ಗವಾನ್ ಈ ನೆಲದವನಲ್ಲ. ತನ್ನ ಊರಿನಲ್ಲಿ ಉಳಿಯಲಾಗದೆ ಬಂದವನು.

ಇರಾನಿನ ಗಿಲಾನ್ ಪ್ರಾಂತ್ಯ ಅವನ ತವರು. ಆಸ್ಥಾನದ ಒಳಸಂಚು, ಹಗೆತನಕ್ಕೆ ಬೇಸತ್ತು ಊರು ಬಿಟ್ಟ. ವ್ಯಾಪಾರ ಮಾಡುತ್ತ ದೇಶ ಸುತ್ತಿ, 1453ರಲ್ಲಿ ಕೊಂಕಣದ ದಾಭೋಳ ಬಂದರಿನಲ್ಲಿಳಿದು ಬಹಮನಿ ರಾಜಧಾನಿ ಬೀದರ್ ಸೇರಿದ.

ಆಗ ಇಲ್ಲಿ ಎರಡು ಬಣಗಳಿದ್ದವು. ತಲೆಮಾರುಗಳಿಂದ ನೆಲೆಸಿದವರು ದಖ್ಖನಿಗಳು. ಇರಾನ್, ಅರಬ್, ಮಧ್ಯ ಏಷ್ಯಾದಿಂದ ಹೊಸದಾಗಿ ಬಂದವರು ಅಫಾಕಿಗಳು. ದೊರೆಗಳಿಗೆ ಹೊಸಬರ ವಿದ್ಯೆ, ಯುದ್ಧಕೌಶಲ ಬೇಕಿತ್ತು. ಹಳಬರಿಗೆ ಹುದ್ದೆ, ಜಹಗೀರು ಕೈತಪ್ಪುವ ಭಯ. ಆ ಭಯ ಪೂರ್ತಿ ಸುಳ್ಳೂ ಆಗಿರಲಿಲ್ಲ. ಆದರೆ ಅದು ದ್ವೇಷವಾಗಿ ಬೆಳೆದು, ಗವಾನ್ ಬರುವ ಕೆಲವೇ ವರ್ಷ ಮೊದಲು ಪುಣೆ ಬಳಿಯ ಚಾಕಣದಲ್ಲಿ ಅಫಾಕಿಗಳ ಕಗ್ಗೊಲೆಯೇ ನಡೆದಿತ್ತು.

ಪ್ರಧಾನಿಯಾದ ಗವಾನ್ ತನ್ನವರಿಗಷ್ಟೇ ಮಣೆ ಹಾಕಲಿಲ್ಲ. ಹುದ್ದೆಗಳನ್ನು ಎರಡೂ ಬಣಗಳಿಗೆ ಹಂಚಿದ. ನಾಲ್ಕು ಪ್ರಾಂತ್ಯಗಳನ್ನು ಎಂಟಾಗಿಸಿ ಸರದಾರರ ಬಲ ತಗ್ಗಿಸಿದ. ಭೂಮಿ ಅಳೆಸಿದ. 1472ರಲ್ಲಿ ಮೂರು ಅಂತಸ್ತಿನ ಮದರಸಾ ಕಟ್ಟಿಸಿ, ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯ ಕೊಟ್ಟ. ವಿದ್ಯಾರ್ಥಿಗಳಿಗೆ ಅಲ್ಲೇ ವಸತಿಯೂ ಇತ್ತು.

ಅಧಿಕಾರ ಕಡಿಮೆಯಾದವರು ಸುಮ್ಮನಿರಲಿಲ್ಲ. ಮುದ್ರೆ ಕಾಯುವ ಸೇವಕನನ್ನು ಒಲಿಸಿ ಖಾಲಿ ಹಾಳೆಗೆ ಮುದ್ರೆ ಒತ್ತಿಸಿಕೊಂಡರು. ಒಡಿಶಾದ ದೊರೆಯನ್ನು ದಂಡೆತ್ತಿ ಬರಲು ಕರೆದಂತೆ ಅದರಲ್ಲಿ ಪತ್ರ ಬರೆದರು. ಸುಲ್ತಾನ ವಿಚಾರಣೆಯನ್ನೇ ಮಾಡಲಿಲ್ಲ. ಮೂರು ದಶಕ ದುಡಿದ ವೃದ್ಧನ ತಲೆ 1481ರ ಏಪ್ರಿಲ್‌ನಲ್ಲಿ ಉರುಳಿತು. ಸತ್ಯ ತಿಳಿದು ಕೊರಗಿದ ಸುಲ್ತಾನ ಮರುವರ್ಷವೇ ತೀರಿಕೊಂಡ. ಮುಂದೆ ರಾಜ್ಯ ಒಡೆದು ಐದಾಯಿತು. ಗೆದ್ದೆವೆಂದುಕೊಂಡ ಬಣಕ್ಕೂ ಆ ದೊಡ್ಡ ರಾಜ್ಯ ಉಳಿಯಲಿಲ್ಲ.

ಬೀದರ್ ಹೊರವಲಯದ ಗೋರನಳ್ಳಿಯಲ್ಲಿ ಗವಾನನ ಸರಳ ಸಮಾಧಿಯಿದೆ. ನಾಳೆ ಕೆಲಸ ಹುಡುಕಿ ಹೈದರಾಬಾದ್‌ಗೋ ಪುಣೆಗೋ ಹೋದಾಗ ನಾವೂ ಹೊರಗಿನವರೇ. ಅಲ್ಲಿನವರು ಊರು ಕೇಳುವ ಮೊದಲು ನಮ್ಮ ಕೆಲಸ ನೋಡಲಿ ಎಂದು ಬಯಸುತ್ತೇವೆ. ಹಾಗಾದರೆ ನಮ್ಮೂರಿಗೆ ಬಂದವರನ್ನು ನಾವೂ ಹಾಗೆಯೇ ನೋಡಬೇಕಲ್ಲವೇ?