ಊರು ಬಿಟ್ಟರೂ ಊರ ಋಣ ತೀರಿಸಿದ ತಕಾಮಿನೆ

ಮುಂಗಾರು ಬಂತೆಂದರೆ ಸೂಪರ್ ಫಾಸ್ಫೇಟ್ ಚೀಲಕ್ಕೆ ಸೊಸೈಟಿ ಮುಂದೆ ಸಾಲು ನಿಲ್ಲುವ ರೈತರು ನಾವು. ಈ ಗೊಬ್ಬರದ ಕಾರ್ಖಾನೆಯನ್ನು ಜಪಾನ್ ದೇಶದಲ್ಲಿ ಮೊದಲು ಹಾಕಿಸಿದವರು ಜೋಕಿಚಿ ತಕಾಮಿನೆ ಎಂಬ ಮಹನೀಯರು. ಇವರ ಬದುಕಿನ ಸುಮಾರು ಅರ್ಧ ಭಾಗ ಕಳೆದದ್ದು ಮಾತ್ರ ಅಮೆರಿಕದಲ್ಲಿ. ಓದಿದ ಮಕ್ಕಳೆಲ್ಲ ಊರು ಬಿಡ್ತಾರೆ, ಊರಿಗೇನು ಬಂತು ಅಂತ ಕೇಳುವ ಈ ಕಾಲದಲ್ಲಿ ಇವರ ಜೀವನ ಸದಸ್ಯ ಬಾಂಧವರಿಗೆ ತಿಳಿದಿರಬೇಕೆಂದು ನಾವು ಇದನ್ನು ಬರೆಯುತ್ತಿದ್ದೇವೆ.

ತಕಾಮಿನೆ ಹುಟ್ಟಿದ್ದು 1854ರಲ್ಲಿ, ತಕಾವೊಕ ಎಂಬ ಊರಿನಲ್ಲಿ. ತಂದೆ ವೈದ್ಯರು. ತಾಯಿಯ ತವರು ಅಕ್ಕಿಯಿಂದ ಸಾಕೆ ಎಂಬ ಮದ್ಯ ತಯಾರಿಸುವ ಮನೆತನ. ಟೋಕಿಯೋದಲ್ಲಿ ಎಂಜಿನಿಯರಿಂಗ್ ಕಾಲೇಜು ಮುಗಿಸಿ, 1880ರಲ್ಲಿ ಸರ್ಕಾರದ ಖರ್ಚಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಓದಲು ಹೋದರು. 1883ರಲ್ಲಿ ವಾಪಸು ಬಂದು ಕೃಷಿ ಮತ್ತು ವಾಣಿಜ್ಯ ಇಲಾಖೆಯ ನೌಕರಿ ಹಿಡಿದರು.

1884ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ವಸ್ತುಪ್ರದರ್ಶನಕ್ಕೆ ಇಲಾಖೆಯವರು ಇವರನ್ನು ಕಳಿಸಿದರು. ಅಲ್ಲಿ ಇವರ ಕಣ್ಣಿಗೆ ಬಿದ್ದದ್ದು ರಂಜಕದ ಕಲ್ಲು. ಇದನ್ನು ಪುಡಿ ಮಾಡಿ ಗಂಧಕಾಮ್ಲ ಹಾಕಿದರೆ ಗಿಡ ಹೀರಿಕೊಳ್ಳುವಂತಹ ಗೊಬ್ಬರ ಆಗುತ್ತದೆ. ತಕಾಮಿನೆ ಸ್ವಂತ ದುಡ್ಡಿನಲ್ಲಿ ಕೊಂಡು ಊರಿಗೆ ತಂದು, ರೈತರಿಗೆ ಹಂಚಿ ಪ್ರಯೋಗ ಮಾಡಿಸಿದರು. ಬೆಳೆ ಚೆನ್ನಾಗಿ ಬಂತು. 1887ರಲ್ಲಿ ಶಿಬುಸಾವಾ ಎಂಬ ದೊಡ್ಡ ಉದ್ಯಮಿಯನ್ನು ಕೂಡಿಸಿಕೊಂಡು ಟೋಕಿಯೋದಲ್ಲಿ ಗೊಬ್ಬರದ ಕಂಪನಿ ಕಟ್ಟಿದರು. ಅದೇ ವರ್ಷ ಅಮೆರಿಕದ ಹೆಣ್ಣುಮಗಳನ್ನು ಮದುವೆಯೂ ಆದರು.

ಆದ್ರೆ 1890ರಲ್ಲಿ ಕಂಪನಿ ಇನ್ನೂ ಕಾಲೂರುವ ಹೊತ್ತಿಗೇ ತಕಾಮಿನೆ ಹೆಂಡತಿ ಮಕ್ಕಳೊಂದಿಗೆ ಅಮೆರಿಕಕ್ಕೆ ಹೊರಟುಬಿಟ್ಟರು. ನಂಬಿ ಹಣ ಹಾಕಿದ್ದ ಶಿಬುಸಾವಾ ಅವರಿಗೆ ಇದು ಹಿಡಿಸಲಿಲ್ಲ. ಮೂರು ವರ್ಷಕ್ಕೆ ಕಾರ್ಖಾನೆಗೆ ಬೆಂಕಿಯೂ ಬಿತ್ತು. ಷೇರುದಾರರು ಮುಚ್ಚಿಬಿಡೋಣ ಅಂದಾಗ ಶಿಬುಸಾವಾ ಒಬ್ಬರೇ ಹಟ ಹಿಡಿದು ಉಳಿಸಿದರು. ಹೋದವರ ಕೀರ್ತಿ ಹೇಳುವಾಗ ಹೀಗೆ ಊರಲ್ಲಿ ನಿಂತು ಹೆಗಲು ಕೊಟ್ಟವರನ್ನು ಮರೆಯಬಾರದು ಎಂಬುದು ನಮ್ಮ ಅಭಿಪ್ರಾಯ.

ಅಮೆರಿಕದಲ್ಲೂ ತಕಾಮಿನೆಗೆ ಸುಖ ಕಾದಿರಲಿಲ್ಲ. ಸಾಕೆಗೆ ಬಳಸುವ ಬೂಷ್ಟನ್ನು ಗೋಧಿ ಬೂಸಾದ ಮೇಲೆ ಬೆಳೆಸಿ ವಿಸ್ಕಿ ಮಾಡುವ ವಿಧಾನವನ್ನು ಅಲ್ಲಿಗೆ ಒಯ್ದಿದ್ದರು. ಮೊಳಕೆ ಬಾರ್ಲಿ ತಯಾರಿಸುವವರು ತಮ್ಮ ಹೊಟ್ಟೆ ಮೇಲೆ ಹೊಡೆತ ಅಂತ ಎದುರು ಬಿದ್ದರು. ಕಾರ್ಖಾನೆ ಸುಟ್ಟುಹೋಯಿತು. ಯಕೃತ್ತಿನ ಕಾಯಿಲೆಯೂ ಅಂಟಿಕೊಂಡಿತು. ಆದರೂ ಎದೆಗುಂದದೆ, ಅದೇ ಬೂಷ್ಟಿನಿಂದ ಅನ್ನ ಅರಗಿಸುವ ಔಷಧಿ ತೆಗೆದು 1894ರಲ್ಲಿ ಪೇಟೆಂಟ್ ಪಡೆದರು. ಅದೇ ಟಾಕಾಡಯಾಸ್ಟೇಸ್. 1900ರಲ್ಲಿ ತಮ್ಮ ಜಪಾನಿ ಸಹಾಯಕ ಉಯೆನಾಕ ಅವರ ಜೊತೆಗೂಡಿ, ಪ್ರಾಣಿಗಳ ಮೂತ್ರಪಿಂಡದ ಮೇಲಿನ ಗ್ರಂಥಿಯಿಂದ ಅಡ್ರಿನಲಿನ್ ಹರಳು ಬೇರ್ಪಡಿಸಿದರು. ಹಾವಿನ ಕಡಿತಕ್ಕೆ ವಿಷನಿವಾರಕ ಕೊಟ್ಟಾಗ ಮೈಗೆ ಒಗ್ಗದಿದ್ದರೆ ಜೀವ ಉಳಿಸಲು ಡಾಕ್ಟರು ಕೊಡುವುದು ಈ ಅಡ್ರಿನಲಿನ್ ಇಂಜೆಕ್ಷನ್ನೇ.

ಹಣ, ಹೆಸರು ಎರಡೂ ಬಂತು. ಇಲ್ಲಿಂದ ಮುಂದಿನದು ಮುಖ್ಯ. ಔಷಧಿ ಮಾರುವ ಹಕ್ಕನ್ನು ಅಮೆರಿಕದ ಕಂಪನಿಗೆ ಕೊಡುವಾಗ ಜಪಾನಿನ ಹಕ್ಕನ್ನು ಮಾತ್ರ ಬಿಟ್ಟುಕೊಡಲಿಲ್ಲ. ಆ ವ್ಯಾಪಾರದಿಂದಲೇ 1899ರಲ್ಲಿ ಜಪಾನಿನಲ್ಲಿ ಸಾಂಕ್ಯೋ ಔಷಧಿ ಸಂಸ್ಥೆ ಹುಟ್ಟಿತು. 1913ರಲ್ಲಿ ಅದು ದೊಡ್ಡ ಕಂಪನಿಯಾದಾಗ ಮೊದಲ ಅಧ್ಯಕ್ಷರು ಇವರೇ. ಅದೇ ವರ್ಷ ಊರಿಗೆ ಬಂದಾಗ, ಬೇರೆಯವರು ಕಂಡುಹಿಡಿದದ್ದನ್ನು ನಕಲು ಮಾಡ್ತಾ ಕೂತರೆ ದೇಶ ಮೇಲೆ ಬರೋದಿಲ್ಲ, ನಮ್ಮದೇ ಸಂಶೋಧನಾ ಸಂಸ್ಥೆ ಬೇಕು ಎಂದು ಗಣ್ಯರಿಗೆ ತಿಳಿಹೇಳಿದರು. ಹಿಂದೆ ಬೇಸರಪಟ್ಟಿದ್ದ ಶಿಬುಸಾವಾ ಅವರೇ ಇದಕ್ಕೂ ಮುಂದೆ ನಿಂತರು. 1917ರಲ್ಲಿ ರಿಕೆನ್ ಸಂಸ್ಥೆ ಸ್ಥಾಪನೆ ಆಯಿತು. ಇಂದಿಗೂ ಅದು ಜಪಾನಿನ ದೊಡ್ಡ ವಿಜ್ಞಾನ ಸಂಸ್ಥೆಗಳಲ್ಲಿ ಒಂದು.

ವಾಷಿಂಗ್ಟನ್ ನಗರದ ಚೆರ್ರಿ ಹೂವಿನ ಮರಗಳ ಹಿಂದೆಯೂ ಇವರಿದ್ದಾರೆ. ಮರಗಳ ಖರ್ಚು ತಾವು ಕೊಡುವುದಾಗಿ ಮುಂದೆ ಬಂದರೂ, ಕಾಣಿಕೆ ಟೋಕಿಯೋ ನಗರದ ಹೆಸರಿನಲ್ಲಿ ಹೋಯಿತು. 1910ರಲ್ಲಿ ಬಂದ 2,000 ಸಸಿಗಳಿಗೆ ಹುಳ, ರೋಗ ಇದ್ದದ್ದರಿಂದ ಸುಟ್ಟುಹಾಕಿದರು. ಬೇಸರಿಸದೆ 1912ರಲ್ಲಿ 3,020 ಸಸಿ ಮತ್ತೆ ಕಳಿಸಿದರು.

ಏಷ್ಯಾದವರಿಗೆ ಪೌರತ್ವ ಕೊಡದ ಕಾನೂನು ಅಂದು ಅಮೆರಿಕದಲ್ಲಿತ್ತು. ತಕಾಮಿನೆ ಜಪಾನಿ ಪ್ರಜೆಯಾಗಿಯೇ 1922ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಸಮಾಧಿಯೂ ಅಲ್ಲೇ ಇದೆ.

ನಮ್ಮ ಊರಿನ ಮಕ್ಕಳೂ ಬೆಂಗಳೂರು, ಮುಂಬಯಿ, ಪರದೇಶ ಸೇರಿದ್ದಾರೆ. ಅವರನ್ನು ತಡೆಯೋದು ಬೇಡ, ದೂರೋದೂ ಬೇಡ. ಹಬ್ಬಕ್ಕೆ ಬಂದಾಗ ಜಾತ್ರೆಯ ಚಂದಾ ಒಂದನ್ನೇ ಕೇಳದೆ, ಅವರು ಕಲಿತ ವಿದ್ಯೆಯನ್ನೂ ಕೇಳೋಣ. ಮಣ್ಣು ಪರೀಕ್ಷೆಯೋ, ಲೆಕ್ಕಪತ್ರವೋ, ಮಾರುಕಟ್ಟೆಯ ವಿಚಾರವೋ, ತಿಳಿದದ್ದನ್ನು ಸಂಘಕ್ಕೆ ಕೊಡಲಿ. ತಂದ ವಿದ್ಯೆ ನಿಲ್ಲಬೇಕಾದರೆ ಊರಲ್ಲಿ ಅದನ್ನು ಹಿಡಿಯುವ ಕೈ ಇರಬೇಕು. ಆ ಕೈ ನಮ್ಮ ಸಹಕಾರ ಸಂಘವಾಗಲಿ ಎಂದು ಈ ರಜತ ಮಹೋತ್ಸವದಲ್ಲಿ ನಾವು ಹಾರೈಸುತ್ತೇವೆ.