ಒಂದೇ ಅಳತೆಗೋಲಿಗೆ ನಿಲುಕದ ನಾವಿಕ: ಅಡ್ಮಿರಲ್ ಹೈಮನ್ ರಿಕೋವರ್

ಶತಮಾನೋತ್ಸವದ ಈ ಸಂಚಿಕೆಗಾಗಿ ಒಬ್ಬ ಪ್ರಸಿದ್ಧ ವ್ಯಕ್ತಿಯ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಸೂಚಿಸಿದಾಗ ನಮ್ಮ ನಾಡಿನ ಕವಿಗಳೂ ಸಮಾಜ ಸುಧಾರಕರೂ ಮೊದಲಿಗೆ ನೆನಪಾದರು. ಆದರೂ ನಾನು ಆರಿಸಿಕೊಂಡದ್ದು ದೂರದ ಅಮೆರಿಕದ ಒಬ್ಬ ನೌಕಾಧಿಕಾರಿಯನ್ನು. ವರ್ಷ ವರ್ಷವೂ ಅಂಕಪಟ್ಟಿಗೆ ಸಹಿ ಹಾಕುವಾಗ ನನ್ನನ್ನು ಕಾಡುವ ಪ್ರಶ್ನೆಯೊಂದಿದೆ: ಒಬ್ಬರ ಯೋಗ್ಯತೆಯನ್ನು ಅಳೆಯಬೇಕಾದವರು ಯಾರು, ಯಾವ ಅಳತೆಗೋಲಿನಿಂದ? ಹೈಮನ್ ರಿಕೋವರ್ ಅವರ ಬಾಳಿನಲ್ಲಿ ಈ ಪ್ರಶ್ನೆ ಒಂದು ದೇಶದ ಸಂಸತ್ತನ್ನೇ ತಲುಪಿತ್ತು.

ನೌಕಾಪಡೆಯ ದಾಖಲೆಯಂತೆ ರಿಕೋವರ್ ಅವರು ಹುಟ್ಟಿದ್ದು 1900ರ ಜನವರಿ 27ರಂದು, ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ಪೋಲೆಂಡಿನ ಒಂದು ಸಣ್ಣ ಪಟ್ಟಣದ ಯಹೂದಿ ಮನೆತನದಲ್ಲಿ. ತಂದೆ ದರ್ಜಿ. ಯಹೂದಿಗಳಿಗೆ ಅಲ್ಲಿ ನೆಮ್ಮದಿಯ ಬದುಕಿಲ್ಲದ ಕಾಲವದು. ತಂದೆ ಮೊದಲು ಅಮೆರಿಕಕ್ಕೆ ಹೋದರು. ತಾಯಿ ಮಕ್ಕಳೊಡನೆ ಹಿಂಬಾಲಿಸಿದರು. ಕೆಲಕಾಲ ನ್ಯೂಯಾರ್ಕಿನಲ್ಲಿದ್ದ ಕುಟುಂಬ ಮುಂದೆ ಷಿಕಾಗೋದಲ್ಲಿ ನೆಲೆಸಿತು. ಮನೆಮಾತು ಯಿಡ್ಡಿಷ್, ಶಾಲೆಯ ಭಾಷೆ ಇಂಗ್ಲಿಷ್. ಪ್ರೌಢಶಾಲೆಯಲ್ಲಿ ಓದುತ್ತಲೇ ಆ ಹುಡುಗ ತಂತಿ ಸಂದೇಶಗಳನ್ನು ಮನೆಮನೆಗೆ ತಲುಪಿಸುವ ಕೆಲಸ ಮಾಡಿದನು. ಹಾಗೆ ಪರಿಚಿತರಾದ ಸಂಸತ್ ಸದಸ್ಯ ಅಡಾಲ್ಫ್ ಸಬಾತ್ ಅವರ ನೆರವಿನಿಂದ 1918ರಲ್ಲಿ ಅನಾಪೊಲಿಸ್‌ನ ನೌಕಾ ಅಕಾಡೆಮಿಗೆ ಪ್ರವೇಶ ದೊರೆಯಿತು. 1922ರಲ್ಲಿ 540 ಮಂದಿಯ ತರಗತಿಯಲ್ಲಿ 107ನೆಯವರಾಗಿ ಅವರು ತೇರ್ಗಡೆಯಾದರು. ಮುಂದೆ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಎಂಜಿನಿಯರಿಂಗಿನ ಉನ್ನತ ಪದವಿಯನ್ನು ಪಡೆದು, ಜಲಾಂತರ್ಗಾಮಿಗಳಲ್ಲಿಯೂ ಯುದ್ಧನೌಕೆಗಳಲ್ಲಿಯೂ ಸೇವೆ ಸಲ್ಲಿಸಿದರು.

ಇಲ್ಲಿ ಆ ನೌಕಾಪಡೆಯ ಬಡ್ತಿಯ ಕ್ರಮವನ್ನು ಸ್ವಲ್ಪ ತಿಳಿಸಬೇಕು. ಹಡಗನ್ನು ನಡೆಸುವ, ಯುದ್ಧದಲ್ಲಿ ಅದರ ನಾಯಕತ್ವ ವಹಿಸುವ ಅಧಿಕಾರಿಗಳು ಅಲ್ಲಿ ಲೈನ್ ಅಧಿಕಾರಿಗಳೆನಿಸುತ್ತಾರೆ. ವೈದ್ಯರು, ಸರಬರಾಜು ಅಧಿಕಾರಿಗಳು, ಧರ್ಮಗುರುಗಳು ಮುಂತಾದವರಿಗೆ ಬೇರೆಯೇ ವಿಭಾಗಗಳುಂಟು. ಹಬೆಯ ಯಂತ್ರಗಳು ಬಂದಾಗ, 1842ರಲ್ಲಿ, ಎಂಜಿನಿಯರುಗಳಿಗೂ ಪ್ರತ್ಯೇಕ ವಿಭಾಗವೊಂದು ಏರ್ಪಟ್ಟಿತು. ಎರಡು ಗುಂಪುಗಳ ನಡುವೆ ಸ್ಥಾನಮಾನದ ಜಗಳ ಹಲವು ದಶಕ ನಡೆಯಿತು. 1899ರ ಶಾಸನವು ಎಂಜಿನಿಯರುಗಳನ್ನು ಲೈನ್ ಅಧಿಕಾರಿಗಳ ಪಟ್ಟಿಯಲ್ಲಿಯೇ ಸೇರಿಸಿತು. ಪ್ರತಿಯೊಬ್ಬರೂ ಹಡಗನ್ನೂ ಯಂತ್ರವನ್ನೂ ಬಲ್ಲವರಾಗಲಿ ಎಂಬುದು ಉದ್ದೇಶ. ಆದರೆ ಯಂತ್ರಗಳು ದಿನದಿನಕ್ಕೂ ಜಟಿಲವಾದವು. 1916ರ ಶಾಸನವು ಎರಡು ಬದಲಾವಣೆಗಳನ್ನು ತಂದಿತು. ಮೇಲಿನ ಹುದ್ದೆಗಳಿಗೆ ಬರಿಯ ಸೇವಾ ಹಿರಿತನ ಸಾಲದು, ಆಯ್ಕೆ ಮಂಡಲಿಯ ತೀರ್ಮಾನ ಬೇಕು ಎಂಬುದು ಮೊದಲನೆಯದು. ಕೆಲವರನ್ನು ಎಂಜಿನಿಯರಿಂಗ್ ಕರ್ತವ್ಯಕ್ಕೆ ಮಾತ್ರವೇ ಮೀಸಲಿಡಬಹುದು ಎಂಬುದು ಎರಡನೆಯದು. ಹೀಗೆ ಮೀಸಲಾದವರು ಲೈನ್ ಪಟ್ಟಿಯಲ್ಲಿಯೇ ಉಳಿಯುವರು. ಆದರೆ ಹಡಗಿನ ನಾಯಕತ್ವ ಅವರಿಗಿಲ್ಲ.

ಈ ಏರ್ಪಾಡಿನ ಅನುಕೂಲ ಸ್ಪಷ್ಟ. ಯಂತ್ರಜ್ಞನು ಬಡ್ತಿಗಾಗಿ ತನ್ನ ಕೆಲಸ ಬಿಟ್ಟು ಹಡಗು ನಡೆಸಲು ಹೋಗಬೇಕಾಗಿಲ್ಲ. ಅನನುಕೂಲವೂ ಅಷ್ಟೇ ಸ್ಪಷ್ಟ. ಚಿಕ್ಕ ಗುಂಪಿಗೆ ಮೇಲಿನ ಹುದ್ದೆಗಳು ಕೆಲವೇ; ಆಯ್ಕೆ ಮಂಡಲಿಯಲ್ಲಿ ಬಹುಮತ ಹಡಗು ನಡೆಸಿದವರದೇ.

1937ರಲ್ಲಿ ಚೀನಾದ ಕರಾವಳಿಯಲ್ಲಿ ಒಂದು ಸಣ್ಣ ಹಡಗಿನ ನಾಯಕತ್ವ ರಿಕೋವರ್ ಅವರಿಗೆ ದೊರೆಯಿತು. ಕೆಲವೇ ತಿಂಗಳಲ್ಲಿ ಅವರು ಎಂಜಿನಿಯರಿಂಗ್ ಕರ್ತವ್ಯದ ಗುಂಪಿಗೆ ಸೇರಿದರು. ಮುಂದೆ ಅವರು ಎಂದೂ ಹಡಗಿನ ನಾಯಕರಾಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ನೌಕೆಗಳ ವಿದ್ಯುತ್ ವಿಭಾಗದ ಮುಖ್ಯಸ್ಥರಾಗಿ, ಸ್ಫೋಟದ ಆಘಾತಕ್ಕೂ ಕೆಡದ ಉಪಕರಣಗಳನ್ನು ಮಾಡಿಸಲು ಹಟತೊಟ್ಟು ದುಡಿದರು. 1946ರಲ್ಲಿ ಟೆನೆಸ್ಸಿಯ ಓಕ್ ರಿಜ್‌ಗೆ ಹೋಗಿ ಪರಮಾಣು ವಿಜ್ಞಾನವನ್ನು ಕಲಿತರು. ಆ ಕಾಲದ ಜಲಾಂತರ್ಗಾಮಿ ಗಾಳಿಗಾಗಿ, ಬ್ಯಾಟರಿಯ ಮರುಪೂರಣಕ್ಕಾಗಿ ಮತ್ತೆ ಮತ್ತೆ ಮೇಲೆ ಬರಬೇಕಿತ್ತು. ಪರಮಾಣು ರಿಯಾಕ್ಟರಿಗೆ ಗಾಳಿಯ ಅಗತ್ಯವಿಲ್ಲವಾದ್ದರಿಂದ ಅದು ವಾರಗಟ್ಟಲೆ ನೀರಿನಡಿಯಲ್ಲಿಯೇ ಸಾಗಬಲ್ಲುದೆಂದು ಅವರು ಮನಗಂಡರು. 1949ರ ವೇಳೆಗೆ ನೌಕಾಪಡೆ ಹಾಗೂ ಪರಮಾಣು ಶಕ್ತಿ ಆಯೋಗ ಎರಡರಲ್ಲಿಯೂ ಈ ಕಾರ್ಯದ ಹೊಣೆ ಅವರ ಹೆಗಲೇರಿತ್ತು.

ಆದರೂ 1951ರಲ್ಲಿ ಆಯ್ಕೆ ಮಂಡಲಿಯು ಕ್ಯಾಪ್ಟನ್ ರಿಕೋವರ್ ಅವರನ್ನು ರಿಯರ್ ಅಡ್ಮಿರಲ್ ಹುದ್ದೆಗೆ ಆರಿಸಲಿಲ್ಲ. 1952ರಲ್ಲಿ ಮತ್ತೆ ಕೈಬಿಟ್ಟಿತು. ಎರಡು ಸಲ ಕೈಬಿಡಲ್ಪಟ್ಟ ಕ್ಯಾಪ್ಟನ್ ಅಂದಿನ ನಿಯಮದಂತೆ ನಿವೃತ್ತರಾಗಬೇಕು. 1953ರ ಜೂನ್ ಕೊನೆಯೇ ಗಡುವು. ಮಂಡಲಿಯು ತನ್ನ ತೀರ್ಮಾನಕ್ಕೆ ಕಾರಣ ಹೇಳುವ ಪದ್ಧತಿಯಿರಲಿಲ್ಲ. ರಿಕೋವರ್ ಅವರದು ಹರಿತವಾದ ನಾಲಗೆ. ಮೇಲಧಿಕಾರಿಗಳ ಮುಲಾಜು ಅವರಿಗಿರಲಿಲ್ಲ. ವಿರೋಧಿಗಳನ್ನು ಅವರೇ ಸಂಪಾದಿಸಿಕೊಂಡಿದ್ದರು. ಇದನ್ನು ಮರೆಮಾಚುವುದು ಸಲ್ಲದು. ಆದರೆ ಜಗತ್ತಿನ ಮೊದಲ ಪರಮಾಣು ಜಲಾಂತರ್ಗಾಮಿಯಾದ ನಾಟಿಲಸ್‌ನ ನಿರ್ಮಾಣ ಆರಂಭವಾಗಿದ್ದ ವೇಳೆಯಲ್ಲಿ, ಅದರ ಹೊಣೆ ಹೊತ್ತವರನ್ನೇ ಮನೆಗೆ ಕಳುಹಿಸಲು ನೌಕಾಪಡೆ ಹೊರಟಿತ್ತು.

ಪತ್ರಿಕೆಗಳು ಪ್ರಶ್ನಿಸತೊಡಗಿದವು. ಸಂಸತ್ ಸದಸ್ಯ ಸಿಡ್ನಿ ಯೇಟ್ಸ್ ಮತ್ತು ಸೆನೆಟರ್ ಹೆನ್ರಿ ಜಾಕ್ಸನ್ ದನಿಯೆತ್ತಿದರು. ಸೆನೆಟ್ಟಿನ ಸಮಿತಿಯು 39 ಕ್ಯಾಪ್ಟನ್‌ಗಳ ಬಡ್ತಿಯ ಪಟ್ಟಿಯನ್ನೇ ತಡೆಹಿಡಿಯಿತು. ಕೊನೆಗೆ ನೌಕಾಖಾತೆಯು ಒಂದು ದಾರಿ ಕಂಡುಕೊಂಡಿತು. ಅವರ ನಿವೃತ್ತಿಯನ್ನು ಮುಂದೂಡಿ, 1953ರ ಜುಲೈಯಲ್ಲಿ ಸೇರಿದ ಆಯ್ಕೆ ಮಂಡಲಿಗೆ, ನೌಕೆಗಳ ಪರಮಾಣು ಚಾಲನೆಯಲ್ಲಿ ಅನುಭವವುಳ್ಳ ಎಂಜಿನಿಯರಿಂಗ್ ಅಧಿಕಾರಿಯೊಬ್ಬರನ್ನು ಆರಿಸಬೇಕೆಂದು ಸೂಚನೆ ನೀಡಲಾಯಿತು. ಹೆಸರನ್ನು ಹೇಳಲಿಲ್ಲ, ಅರ್ಹತೆಯನ್ನಷ್ಟೇ ಹೇಳಿತು; ಆ ಅರ್ಹತೆ ಒಬ್ಬರಿಗೇ ಒಪ್ಪುವಂತಿತ್ತು. ರಿಕೋವರ್ ರಿಯರ್ ಅಡ್ಮಿರಲ್ ಆದರು. ಸಂಸತ್ತು ಪ್ರತಿಯೊಂದು ಬಡ್ತಿಗೂ ಹೀಗೆ ಕೈಹಾಕಿದರೆ ಯಾವ ಸೇನೆಯ ಶಿಸ್ತೂ ಉಳಿಯದು. ಆದರೂ ಕೆಲಸವನ್ನು ಬಲ್ಲವರ ಮಾತಿಗೆ ಮಂಡಲಿಯಲ್ಲಿ ಮೊದಲೇ ಬೆಲೆಯಿದ್ದಿದ್ದರೆ ಹೊರಗಿನವರು ಬರುವ ಪ್ರಮೇಯವೇ ಇರುತ್ತಿರಲಿಲ್ಲವೆಂದು ನನಗನ್ನಿಸುತ್ತದೆ.

1955ರ ಜನವರಿ 17ರಂದು ನಾಟಿಲಸ್ ಪರಮಾಣು ಶಕ್ತಿಯಿಂದ ಸಮುದ್ರಕ್ಕಿಳಿದು ಸಾಗಿತು. 1958ರ ಆಗಸ್ಟ್ 3ರಂದು ಹಿಮದಡಿಯಲ್ಲಿ ಉತ್ತರ ಧ್ರುವವನ್ನು ಹಾಯ್ದಿತು. ಪೆನ್ಸಿಲ್ವೇನಿಯದ ಷಿಪ್ಪಿಂಗ್‌ಪೋರ್ಟಿನಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಕಟ್ಟಿದ ಸ್ಥಾವರವು 1957ರಲ್ಲಿ ಜನರಿಗೆ ವಿದ್ಯುತ್ ನೀಡತೊಡಗಿತು. 1973ರಲ್ಲಿ ರಿಕೋವರ್ ಪೂರ್ಣ ಅಡ್ಮಿರಲ್ ಪದವಿಗೇರಿದರು. ಈ ನಡುವೆ ಶಿಕ್ಷಣದ ಕುರಿತು ಪುಸ್ತಕಗಳನ್ನೂ ಬರೆದರು. ಶಿಕ್ಷಕರಿಗೆ ತಮ್ಮ ವಿಷಯದಲ್ಲಿ ಗಾಢವಾದ ಪಾಂಡಿತ್ಯವಿರಬೇಕು, ಮಕ್ಕಳಿಗೆ ಕಠಿಣವಾದ ಓದನ್ನು ಕೊಡಲು ಅಂಜಬಾರದು ಎಂಬುದು ಅವರ ನಿಲುವಾಗಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಸುಂದರವಾಗಿರುತ್ತದೆ, ಆದರೆ ಪೂರ್ಣವಾಗದು. ಪರಮಾಣು ನೌಕೆಗಳಿಗೆ ಬರಬಯಸಿದ ಅಧಿಕಾರಿಗಳನ್ನು ರಿಕೋವರ್ ಅವರೇ ಸಂದರ್ಶಿಸುತ್ತಿದ್ದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರೂ ತರುಣರಾಗಿದ್ದಾಗ ಹಾಗೆ ಅವರ ಮುಂದೆ ಕುಳಿತವರೇ. ಮುಂಗಾಲುಗಳನ್ನು ಮೋಟುಮಾಡಿದ ಕುರ್ಚಿಯಲ್ಲಿ ಕೂರಿಸಿ ಪ್ರಶ್ನಿಸುವುದು ರಿಕೋವರ್ ಅವರ ರೂಢಿಯಾಗಿತ್ತು. ಅವರ ಕಠೋರತೆಯಿಂದ ನೌಕೆಗಳ ರಿಯಾಕ್ಟರುಗಳು ಸುರಕ್ಷಿತವಾಗಿ ನಡೆದವೆಂಬುದು ನಿಜ. ಆದರೆ ಯಂತ್ರಜ್ಞಾನವೊಂದನ್ನೇ ಹಿಡಿದು ತೂಗುವುದರಿಂದ ಹಡಗು ನಡೆಸುವ, ಯುದ್ಧ ಮಾಡುವ ಕೌಶಲಕ್ಕೆ ಬೆಲೆ ಕಡಿಮೆಯಾಯಿತೆಂಬ ದೂರು ನೌಕಾಪಡೆಯೊಳಗೇ ಕೇಳಿಬಂದಿತು. ಒಮ್ಮೆ ಬೇರೆಯವರ ಅಳತೆಗೋಲಿನಿಂದ ನೊಂದವರು ಅಧಿಕಾರ ಬಂದಾಗ ಎಲ್ಲರ ಮುಂದೆಯೂ ತಮ್ಮ ಅಳತೆಗೋಲನ್ನು ಹಿಡಿದರು.

1982ರ ಜನವರಿಯಲ್ಲಿ, 63 ವರ್ಷಗಳ ಸೇವೆಯ ಬಳಿಕ, ಮನಸ್ಸಿಲ್ಲದ ಮನಸ್ಸಿನಿಂದ ಅವರು ನಿವೃತ್ತರಾದರು. ಹಡಗು ಕಟ್ಟುವ ಗುತ್ತಿಗೆದಾರರಿಂದ ಉಡುಗೊರೆಗಳನ್ನು ಪಡೆದಿದ್ದರೆಂದು 1985ರಲ್ಲಿ ನೌಕಾಖಾತೆಯ ಛೀಮಾರಿಗೂ ಗುರಿಯಾದರು. 1986ರ ಜುಲೈ 8ರಂದು ನಿಧನರಾದರು.

ಅವರ ಸೇವೆಯ ಕೊನೆಗಾಲದಲ್ಲಿ, 1980ರಲ್ಲಿ, ಅಮೆರಿಕದ ಸೇನಾಧಿಕಾರಿಗಳ ಬಡ್ತಿಗೆ ಹೊಸ ಶಾಸನವೊಂದು ರೂಪುಗೊಂಡಿತು. ವಿಶೇಷ ವಿದ್ಯೆಯುಳ್ಳ ಅಧಿಕಾರಿಗಳನ್ನು ಅವರವರ ಸ್ಪರ್ಧಾ ವರ್ಗಗಳಲ್ಲಿ ವಿಂಗಡಿಸಬೇಕು. ಒಂದು ವರ್ಗದವರು ತಮ್ಮತಮ್ಮೊಳಗೇ ಸ್ಪರ್ಧಿಸಬೇಕು. ಆಯ್ಕೆ ಮಂಡಲಿಯಲ್ಲಿ ಆ ವರ್ಗದವರೊಬ್ಬರಾದರೂ ಕುಳಿತಿರಬೇಕು ಎಂಬ ನಿಯಮ ಅದರಲ್ಲಿದೆ. ವಿಂಗಡಣೆಯೊಂದರಿಂದಲೇ ನ್ಯಾಯ ದೊರೆಯುವುದಿಲ್ಲ, ತೂಗುವವರ ನಡುವೆ ಆ ಕೆಲಸ ಬಲ್ಲವರೂ ಇರಬೇಕು ಎಂಬ ತಿಳಿವು ಆ ನಿಯಮದಲ್ಲಿದೆ.

ಮನೆಮಾತು ಒಂದು, ರಾಜ್ಯಭಾಷೆ ಮತ್ತೊಂದು ಆಗಿರುವ ಈ ಗಡಿನಾಡಿನಲ್ಲಿ ನಮ್ಮ ಮಕ್ಕಳಿಗೆ ಬೇರೆಯವರ ಅಳತೆಗೋಲು ಹೊಸದಲ್ಲ. ಆದರೆ ನಾವು ಹಿಡಿದಿರುವ ಅಳತೆಗೋಲನ್ನೂ ಆಗಾಗ ನೋಡಿಕೊಳ್ಳಬೇಕು. ಗಣಿತದಲ್ಲಿ ಹಿಂದುಳಿದು ಯಕ್ಷಗಾನದ ಚೆಂಡೆಯಲ್ಲಿ ಮುಂದಿರುವ ಹುಡುಗನನ್ನು, ಪ್ರಬಂಧ ಬರೆಯಲಾರದೆ ಕೆಟ್ಟ ರೇಡಿಯೋವನ್ನು ರಿಪೇರಿ ಮಾಡಬಲ್ಲ ಹುಡುಗಿಯನ್ನು ಒಂದೇ ಪಟ್ಟಿಯ ಕೊನೆಯಲ್ಲಿ ಬರೆದು ನಾನೂ ಸಹಿ ಹಾಕಿದ್ದೇನೆ. ಅವರಲ್ಲಿ ಕೆಲವರು ಇಂದು ಈ ಸಂಚಿಕೆಯ ಓದುಗರಾಗಿರಬಹುದು. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಶಾಲೆಯಲ್ಲಿ ಪಟ್ಟಿಗಳು ಒಂದಕ್ಕಿಂತ ಹೆಚ್ಚಾಗಲಿ. ಪ್ರತಿಯೊಂದು ಪಟ್ಟಿಯನ್ನು ಬರೆಯುವಾಗಲೂ ಆ ವಿದ್ಯೆಯನ್ನು ಬಲ್ಲವರೊಬ್ಬರು ನಮ್ಮ ಪಕ್ಕದಲ್ಲಿರಲಿ.